ಮಾರ್ಕರ್ ಒರೆಸಿಡಿ

ಗುರುವಾರ, ಮಧ್ಯಾಹ್ನ ಮೂರೂಕಾಲು
ನಿನ್ನ ಮನೆಯ ಕೆಳಗಿನ ಟೈಲರಮ್ಮನ ಅಂಗಡಿ

ಮಗಳ ಅಮ್ಮನಿಗೆ,

ಕ್ಷೇಮ ಸಮಾಚಾರ ಆಮೇಲೆ. ಇದನ್ನು ನಿಂತುಕೊಂಡೇ ಓದು, ಚಪ್ಪಲಿ ಬಿಡುವ ಮೊದಲೇ ಓದು. ಓದಿದ ಕೂಡಲೇ ಶಿಬಿರಕ್ಕೆ ಹೋಗಿರುವ ಟೀಚರಿಗೆ ಫೋನ್ ಮಾಡಿ, ನಮ್ಮ ಹುಡುಗಿ ಮೆಣಸು ನಾನು ಕೊಟ್ಟ ಮಾಸ್ಕ್ ಹಾಕಿಕೊಂಡು ಆಟಕ್ಕೆ ಇಳಿಯಬಾರದು ಎಂದು ಹೇಳು. ಹಾಕಿಕೊಳ್ಳುವುದಿರಲಿ, ಅದನ್ನು ಅವಳ ಕೈಯಿಂದಲೇ ಕಿತ್ತುಕೊಳ್ಳಲು ಹೇಳು. ಕಾರಣ ಕೇಳಿದರೆ ಗಾಜು ಕೆಟ್ಟಿದೆ ಎಂದಷ್ಟೇ ಹೇಳಿದರೆ ಸಾಕು. ಯಾರು ಕೆಡಿಸಿದರು ಎಂಬುದನ್ನು ಕೆಳಗೆ ಬರೆದಿದ್ದೇನೆ, ಅದನ್ನು ಫೋನ್ ಮಾಡಿದ ಮೇಲೆ ಓದು.

ಮಾಡಿದೆಯಾ? ಮಾಡಿಲ್ಲದಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ ಮಾಡು.

ಶಿಬಿರಕ್ಕೆ ಮಕ್ಕಳು ಫೋನ್ ಒಯ್ಯುವಂತಿಲ್ಲ, ಅದಕ್ಕೇ ಬೆಳಗಿನಿಂದ ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ಡ್ಯೂಟಿಗೆ ಹೋದರೆ ನೀನು ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೀಯ ಎಂದು ಗೊತ್ತಿದ್ದೂ ಮಾಡಿದೆ. ಆಸ್ಪತ್ರೆಯ ಬಾಗಿಲಿಗೂ ಬಂದಿದ್ದೆ. ಸಿಸ್ಟರ್ ಆಪರೇಷನ್ ಥಿಯೇಟರಿನಲ್ಲಿದ್ದಾರೆ, ಆರು ಗಂಟೆಯವರೆಗೆ ಹೊರಗೆ ಬರುವುದಿಲ್ಲ ಎಂದರು. ನೀವು ಯಾರು ಎಂದು ಕೇಳಿದರು. ಏನು ಹೇಳಬೇಕೋ ತಿಳಿಯದೆ ಪರಿಚಯದವನು ಎಂದು ಬಂದುಬಿಟ್ಟೆ.

ಅಲ್ಲಿಂದ ಶಾಲೆಗೆ ಓಡಿದೆ. ಗುಮಾಸ್ತ ಕಂಪ್ಯೂಟರ್ ನೋಡಿ, ‘ಇಲ್ಲಿ ತಾಯಿ ನಂಬರ್ ಒಂದೇ ಇದೆ ಸಾರ್, ನಿಮ್ಮ ಹೆಸರೇ ಇಲ್ಲ. ಶಿಬಿರ ಎಲ್ಲಿ ಅಂತ ನಾನು ಹೇಳೋ ಹಾಗಿಲ್ಲ’ ಎಂದ. ನಾನು ಅವಳ ಅಪ್ಪ ಎಂದೆ. ‘ಇರಬಹುದು ಸಾರ್’ ಎಂದ. ಆ ‘ಇರಬಹುದು’ ಇನ್ನೂ ಕಿವಿಯಲ್ಲಿದೆ. ಕೊನೆಗೆ ಟೀಚರು ಫೋನ್ ಮಾಡಿದಾಗ ತಿಳಿಸುತ್ತೇನೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಚೀಟಿಯನ್ನು ಟೀ ಲೋಟದ ಕೆಳಗೆ ಇಟ್ಟ. ಅದನ್ನು ನಂಬಿ ಕೂರುವ ಧೈರ್ಯ ನನಗಿಲ್ಲ. ಆಟ ಶನಿವಾರ ಬೆಳಿಗ್ಗೆ ಎಂದು ಮೆಣಸು ಹೇಳಿದ್ದಳು. ಆದರೆ ಚೀಲದಲ್ಲಿ ಹೊಸ ಸಾಮಾನು ಇಟ್ಟುಕೊಂಡ ಹದಿನೈದು ವರ್ಷದ ಮಕ್ಕಳು ಶನಿವಾರದವರೆಗೆ ಕಾಯುತ್ತಾರೆಯೇ? ನೀನು ಹೇಳು.

ಈಗ ನಡೆದದ್ದನ್ನು ಹೇಳುತ್ತೇನೆ. ಫೋನಿನಲ್ಲಿ ಆಡಿದ್ದನ್ನು ಆಮೇಲೆ ಆಡಿಯೇ ಇಲ್ಲ ಅನ್ನುತ್ತೀರಿ, ಏನಿದ್ದರೂ ಬರೆದು ಕೊಡಿ ಎಂದು ಹೋದ ವರ್ಷ ನೀನೇ ಅಲ್ಲವೇ ಹೇಳಿದ್ದು? ಬರೆದು ಕೊಡುತ್ತಿದ್ದೇನೆ. ಯಾರ ಮುಂದೆ ಬೇಕಾದರೂ ಹಿಡಿ.

ತಿಂಗಳ ಹಿಂದೆ ಮೆಣಸು ನಮ್ಮ ಕನ್ನಡಕದ ಅಂಗಡಿಗೆ ಬಂದು, ಶಿಬಿರದಲ್ಲಿ ಪೇಂಟ್‌ಬಾಲ್ ಆಡಿಸುತ್ತಾರೆ, ಸಾಮಾನು ಅಲ್ಲೂ ಕೊಡುತ್ತಾರೆ, ಆದರೆ ಸ್ವಂತದ್ದಿದ್ದರೆ ಅದರ ಗತ್ತೇ ಬೇರೆ ಎಂದಳು. ಅದೇನು ಆಟವೆಂದು ನನಗೆ ಗೊತ್ತಿರಲಿಲ್ಲ. ಬಣ್ಣ ತುಂಬಿದ ಗುಂಡುಗಳನ್ನು ಗಾಳಿಯ ಗನ್ನಿನಿಂದ ಒಬ್ಬರ ಮೇಲೊಬ್ಬರು ಹೊಡೆಯುವುದಂತೆ, ಮೈಮೇಲೆ ಬಣ್ಣ ಒಡೆದರೆ ಆಟದಿಂದ ಹೊರಗಂತೆ. ಇಪ್ಪತ್ತು ವರ್ಷ ಜನರ ಕಣ್ಣನ್ನೇ ನೋಡಿ ಹೊಟ್ಟೆ ಹೊರೆದವನು ನಾನು, ಮೊದಲು ಅವಳ ಕಣ್ಣೇ ನೆನಪಾಯಿತು. ಆದರೂ ಬೇಡ ಎನ್ನಲಿಲ್ಲ. ಅವಳು ನಿನ್ನನ್ನು ಬಿಟ್ಟು ನನ್ನನ್ನು ಕೇಳಿದ್ದಳು. ಆ ಸಂತೋಷದಲ್ಲಿ ಬೇರೆ ಯೋಚನೆಗೆ ಜಾಗವೇ ಇರಲಿಲ್ಲ.

ಆಟದ ಸಾಮಾನಿನ ಅಂಗಡಿಯ ಯಜಮಾನ ಬೋಳು ತಲೆಯ, ಮಾತು ಕಡಿಮೆಯ ಮನುಷ್ಯ. ನನ್ನ ಕೈಲಾಗುವುದು ಎಷ್ಟು ಎಂದು ಕೇಳಿ, ಕೇಳಿದ ಮೇಲೂ ನಗದೆ ಹೇಳಿದ: ‘ಮೊದಲನೇ ಸಲಕ್ಕೆ ಗನ್ ಬಾಡಿಗೆಗೆ ತಗೊಳ್ಳಿ, ಗಾಳಿ ಸಿಲಿಂಡರೂ ಅಲ್ಲೇ ಸಿಗುತ್ತೆ. ಮೊಣಕಾಲು ಪಟ್ಟಿ ಗಿಟ್ಟಿ ಏನೂ ಬೇಡ, ಹಳೇ ದಪ್ಪ ಅಂಗಿ ಹಾಕ್ಕೊಂಡ್ರೆ ಸಾಕು. ಇರೋ ದುಡ್ಡೆಲ್ಲ ಕಣ್ಣು ಮುಖ ಕಾಯೋ ಮಾಸ್ಕಿಗೆ ಹಾಕಿ, ಹೊಸದೇ ತಗೊಳ್ಳಿ.’ ಬಂಗಾರದಂಥ ಮಾತು. ನಾನು ಹೂಂ ಹೂಂ ಎಂದು ತಲೆಯಾಡಿಸಿ ಸರಿಯಾಗಿ ಅದರ ಉಲ್ಟಾ ಮಾಡಿದೆ. ಬಾಡಿಗೆಯ ಗನ್ ಕೊಟ್ಟರೆ ಅವಳ ಮುಖ ಅರಳುತ್ತದೆಯೇ? ಗನ್ನನ್ನೂ ಅದರ ನೆತ್ತಿಯ ಮೇಲೆ ಕೂರುವ ಗುಂಡಿನ ಡಬ್ಬಿಯನ್ನೂ ಹೊಸದಾಗಿ ಕೊಂಡೆ. ಮಿಕ್ಕಿದ್ದರಲ್ಲಿ, ಯಾರೋ ಬಳಸಿ ಬಿಟ್ಟ ಎರಡು ಮಾಸ್ಕ್. ಒಂದು ಅವಳಿಗೆ, ಒಂದು ನನಗೆ. ಮುಂದೆ ಯಾವಾಗಲಾದರೂ ನಾವಿಬ್ಬರೂ ಆಡೋಣ ಅಪ್ಪ ಎಂದಿದ್ದಳು. ಈ ವಯಸ್ಸಿನಲ್ಲಿ ನಾನು ಪೊದೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂರುವುದನ್ನು ನೆನೆಸಿಕೊಂಡು ನೀನು ನಗಬಹುದು. ನಕ್ಕರೆ ನನಗೂ ಸಮಾಧಾನ.

ಎರಡೂ ಮಾಸ್ಕಿನ ಗಾಜಿನ ಮೇಲೆ ಅಂಗಡಿಯವನು ದಪ್ಪ ಪೆನ್ನಿನಲ್ಲಿ ನಂಬರ್ ಬರೆದಿದ್ದ. ಹೋದ ಶುಕ್ರವಾರ ಮೆಣಸು ಫೋನ್ ಮಾಡಿ, ‘ಅಪ್ಪಾ, ನಾಳೆ ಬರ್ತೀನಿ, ಅಷ್ಟರಲ್ಲಿ ಮಾರ್ಕರ್ ಚೆನ್ನಾಗಿ ಒರೆಸಿಡಿ’ ಎಂದಳು. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಈ ಮಾತು ದಿನಕ್ಕೆ ಐವತ್ತು ಸಲ ಕೇಳುತ್ತದೆ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವ ಮೊದಲು, ಕಣ್ಣಿನ ಪಾಪೆ ಎಲ್ಲಿ ಬರಬೇಕೋ ಅಲ್ಲಿ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕಿ ಇಡುತ್ತೇವೆ. ಕನ್ನಡಕ ಸಿದ್ಧವಾಗಿ ಗಿರಾಕಿಯ ಕೈಗೆ ಹೋಗುವ ಮೊದಲಿನ ಕೊನೆಯ ಕೆಲಸ ಆ ಮಾರ್ಕರ್ ಒರೆಸುವುದು. ಹತ್ತಿಗೆ ಎರಡು ಹನಿ ಅಸಿಟೋನ್, ಗಾಜಿನ ಮೇಲೆ ಒಂದು ಸುತ್ತು, ಮುಗಿಯಿತು. ಅಸಿಟೋನ್ ಎಂದರೆ ಮದುವೆಯ ಹೊಸತರಲ್ಲಿ ನೀನು ಉಗುರಿನ ಬಣ್ಣ ತೆಗೆಯಲು ನನ್ನಿಂದ ಸಣ್ಣ ಸೀಸೆಯಲ್ಲಿ ತರಿಸಿಕೊಳ್ಳುತ್ತಿದ್ದೆಯಲ್ಲ, ಅದೇ.

ಮಗಳು ಹೇಳಿದಳೆಂದು ಎರಡೂ ಮಾಸ್ಕಿನ ನಂಬರನ್ನು ಅದರಿಂದಲೇ ಒರೆಸಿದೆ. ಮೊಂಡು ಮಸಿ, ಬೇಗ ಹೋಗಲಿಲ್ಲ, ಗಟ್ಟಿಯಾಗಿ ತಿಕ್ಕಿದೆ, ಅಂಚಿನವರೆಗೂ ತಿಕ್ಕಿದೆ. ಕೈ ತನ್ನ ಪಾಡಿಗೆ ತಾನು ಮಾಡಿತು, ತಲೆ ಎಲ್ಲಿತ್ತೋ. ಮಾಸ್ಕಿನದನ್ನು ಗಾಜು ಎಂದು ಬಾಯಿಮಾತಿಗೆ ಹೇಳುವುದಷ್ಟೇ, ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದಕ್ಕೆ ಅಸಿಟೋನ್ ಸೋಕಬಾರದು, ಸೋಕಿದರೆ ಒಳಗೊಳಗೇ ಬಿರಿಯುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುವವನು ನಾನು.

ಇವತ್ತು ಬೆಳಿಗ್ಗೆ ನನ್ನ ಮಾಸ್ಕಿನ ಪಟ್ಟಿ ಸಡಿಲವಾಗಿದೆ ಎಂದು ಅದೇ ಆಟದ ಸಾಮಾನಿನ ಅಂಗಡಿಗೆ ಒಯ್ದೆ. ಯಜಮಾನ ಅದನ್ನು ದೀಪಕ್ಕೆ ಹಿಡಿದವನೇ, ‘ಏನ್ರೀ ಹಚ್ಚಿದ್ರಿ ಇದಕ್ಕೆ?’ ಎಂದ. ಮಗಳು ಮಾರ್ಕರ್ ಒರೆಸಿ ಅಂದಳು, ಒರೆಸಿದೆ ಎಂದೆ. ಅವನು ಗೋಡೆಗೆ ತೂಗುಹಾಕಿದ್ದ ಗನ್ನಿನ ಕಡೆ ಕೈ ತೋರಿಸಿ, ‘ಈ ಆಟದಲ್ಲಿ ಮಾರ್ಕರ್ ಅಂದ್ರೆ ಅದೇ ಕಣ್ರೀ. ಆಡೋರು ಯಾರೂ ಗನ್ ಅನ್ನಲ್ಲ’ ಎಂದ. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ಗುರಿ ನೋಡಲು ಉದ್ದನೆಯ ಒಂದು ಜಾಗವಿದೆ. ಮಾಸ್ಕನ್ನು ಮರದ ಗೂಟಕ್ಕೆ ಸಿಕ್ಕಿಸಿ, ದೂರ ಹೋಗಿ, ಒಂದೇ ಒಂದು ಗುಂಡು ಹೊಡೆದ. ಟಪ್ ಎಂದಿತು, ದೊಡ್ಡ ಸದ್ದೇನೂ ಅಲ್ಲ. ಗಾಜು ಈ ತುದಿಯಿಂದ ಆ ತುದಿಗೆ ಸೀಳಿ, ಒಂದು ಚೂರು ಒಳಗೆ ಬಿತ್ತು. ಎಡಗಣ್ಣು ಇರಬೇಕಾದ ಜಾಗದಲ್ಲಿ ಗೂಟದ ಮೇಲೆ ಹಳದಿ ಬಣ್ಣ ಇಳಿಯುತ್ತಿತ್ತು.

ಯಜಮಾನ ನೀರು ಕೊಟ್ಟ, ಲೋಟ ಅಲ್ಲೇ ಇಟ್ಟು ಬಂದೆ. ಆಗಿನಿಂದ ನಾನು ಯಾರನ್ನು ನೋಡಿದರೂ ಅವರ ಎಡಗಣ್ಣನ್ನೇ ನೋಡುತ್ತಿದ್ದೇನೆ. ಈ ಟೈಲರಮ್ಮ ಸೂಜಿಗೆ ದಾರ ಪೋಣಿಸುವುದನ್ನು ಸಹ ನೋಡಲಾಗದೆ ಆಚೆ ತಿರುಗಿ ಕೂತಿದ್ದೇನೆ.

ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ಒಂದು ಹತ್ತು ನಿಮಿಷ, ನಿನಗೆ ಹೇಳದೆಯೇ ಇದನ್ನು ಹೇಗಾದರೂ ಸರಿಪಡಿಸಿಬಿಡಲೇ ಎಂದು ಯೋಚಿಸಿದೆ. ನಿನಗೆ ಗೊತ್ತಾದರೆ ಮೆಣಸು ನನ್ನ ಹತ್ತಿರ ಬರುವ ಶನಿವಾರಗಳು ಹೋಗುತ್ತವೆ ಎಂಬ ಭಯ. ಹತ್ತೇ ನಿಮಿಷ. ಆಮೇಲೆ ಆ ಗೂಟ ಕಣ್ಣ ಮುಂದೆ ಬಂತು. ಶನಿವಾರಗಳನ್ನು ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸು, ನಾನು ಎದುರಾಡುವುದಿಲ್ಲ. ಅವಳ ಕಣ್ಣು ಉಳಿದರೆ ಸಾಕು.

ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತೇನೆ. ನನ್ನ ಹತ್ತಿರ ಮಾತಾಡಬೇಕು ಅಂತೇನಿಲ್ಲ. ಟೀಚರು ಸಿಕ್ಕರೆ ಒಂದು ಮಿಸ್ಡ್ ಕಾಲ್ ಕೊಡು.

ಇಂತಿ, ಜೀವ ಕೈಯಲ್ಲಿ ಹಿಡಿದುಕೊಂಡಿರುವ
ಮಗಳ ಅಪ್ಪ

ತಾ.ಕ.: ಕಾಗದ ಮಡಚಿ ಟೈಲರಮ್ಮನಿಗೆ ಕೊಟ್ಟವನು ಮತ್ತೆ ಇಸಿದುಕೊಂಡೆ. ಮೇಲೆ ಒಂದು ವಿಷಯ ಬಿಟ್ಟಿದ್ದೇನೆ. ಅಸಿಟೋನ್ ತಗುಲಿದ ಪ್ಲಾಸ್ಟಿಕ್ ಆಗಲೇ ಬೆಳ್ಳಗಾಗುತ್ತದೆ, ನೋಡಿದವರಿಗೆ ತಿಳಿಯುತ್ತದೆ. ನನಗೂ ಅದು ಮಂಜು ಮಂಜಾಗಿಯೇ ಕಂಡಿತ್ತು. ಆದರೆ ನಾಲ್ಕು ತಿಂಗಳಿಂದ ನನಗೆ ಎಲ್ಲವೂ ಹಾಗೆಯೇ ಕಾಣುತ್ತದೆ. ಆ ಮಂಜು ನನ್ನ ಕಣ್ಣಿನದು ಎಂದುಕೊಂಡು ಕೊಟ್ಟುಬಿಟ್ಟೆ. ಕನ್ನಡಕ ಮಾಡುವವನಿಗೇ ಕಣ್ಣು ಕಾಣುತ್ತಿಲ್ಲ ಎಂದು ಯಾರ ಮುಂದೆ ಹೇಳಲಿ? ಮೆಣಸಿಗಂತೂ ಇದು ಗೊತ್ತಾಗುವುದು ಬೇಡ.

——

ಗುರುವಾರ, ಸಂಜೆ ಏಳು
ಮನೆ

ಮಗಳ ಅಪ್ಪನಿಗೆ,

ಮಿಸ್ಡ್ ಕಾಲ್ ಬಂದಿರಬೇಕು. ಮಿಕ್ಕದ್ದನ್ನು ಫೋನಿನಲ್ಲಿ ಹೇಳಲು ನನ್ನಿಂದಾಗದು. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಟೈಲರಮ್ಮ ತಂದುಕೊಡುತ್ತಾರೆ, ಅವರ ಕೈಲಿ ಓದಿಸದೆ ನೀವೇ ಓದಿ.

ಚಪ್ಪಲಿ ಬಿಡದೆಯೇ ಫೋನ್ ಮಾಡಿದೆ. ಅವಸರದಲ್ಲಿ ಮೊದಲು ಯಾರಿಗೋ ಹೋಯಿತು. ಟೀಚರು ಮೆಣಸನ್ನೇ ಕರೆದು ಫೋನ್ ಕೊಟ್ಟರು. ಅವಳು ಚೆನ್ನಾಗಿದ್ದಾಳೆ. ಆ ಮಾಸ್ಕನ್ನು ಅವಳು ತೆಗೆದುಕೊಂಡೇ ಹೋಗಿಲ್ಲ. ಬಟ್ಟೆಯ ಕಪಾಟಿನಲ್ಲಿ, ಟವೆಲ್ಲಿನಲ್ಲಿ ಸುತ್ತಿ, ಅಡಿಯಲ್ಲಿ ಇಟ್ಟಿದ್ದಾಳೆ. ಈಗ ತಾನೇ ತೆಗೆದು ನೋಡಿದೆ. ಶಿಬಿರದವರು ಕೊಡುವುದನ್ನೇ ಹಾಕಿಕೊಳ್ಳುತ್ತಾಳಂತೆ.

ಯಾಕೆ ಬಿಟ್ಟು ಹೋದೆ ಎಂದು ಕೇಳಿದೆ. ‘ಅಪ್ಪ ಅದನ್ನ ಕಿಟಕಿ ಹತ್ರ ಹಿಡಿದು, ನೋಡು ನೀರಿನ ಹಾಗಿದೆ ಅಂದ್ರಮ್ಮ. ಅದು ಹಾಲಿನ ಹಾಗಿತ್ತು’ ಎಂದಳು. ನಿಮ್ಮ ಎದುರು ಹೂಂ ಅಪ್ಪ, ಚೆನ್ನಾಗಿದೆ ಎಂದಳಂತೆ.

ನಿಮಗೆ ಬೈಯಬೇಕೆಂದೇ ಪೆನ್ ಹಿಡಿದೆ. ಹೊಸ ಗನ್, ಹಳೇ ಮಾಸ್ಕ್! ಅದಕ್ಕೆ ಬೈಗುಳ ಬಾಕಿ ಇದೆ, ಮರೆತಿದ್ದೇನೆ ಎಂದುಕೊಳ್ಳಬೇಡಿ. ಆದರೆ ಅವಳು ಇಷ್ಟು ದಿನ ನನ್ನಿಂದ ಯಾಕೆ ಮುಚ್ಚಿಟ್ಟಳು ಗೊತ್ತೇ? ಹೇಳಿದರೆ ನಾನು ಶನಿವಾರಗಳನ್ನು ನಿಲ್ಲಿಸಿಬಿಡುತ್ತೇನೆ ಎಂದು. ನಿಮ್ಮ ಭಯವೇ ಅವಳದ್ದೂ. ನಾನು ಅಷ್ಟು ಹೆದರಿಸುವವಳೇ? ನಿಲ್ಲಿಸುವುದಿಲ್ಲ. ನಾಳೆಯೇ ಶಾಲೆಗೆ ಹೋಗಿ ನಿಮ್ಮ ಹೆಸರನ್ನೂ ಬರೆಸುತ್ತೇನೆ.

ಸೋಮವಾರ ಬೆಳಿಗ್ಗೆ ನಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರ ಹತ್ತಿರ ಬನ್ನಿ, ಹೇಳಿಟ್ಟಿರುತ್ತೇನೆ. ಬರೀ ಪೊರೆಯಾಗಿದ್ದರೆ ತೆಗೆಯುತ್ತಾರೆ. ಬೇರೇನಾದರೂ ಆಗಿದ್ದರೆ ಎಂದು ನನಗೂ ಹೆದರಿಕೆ ಆಗಿದೆ. ಬಾಗಿಲಲ್ಲಿ ಯಾರು ಎಂದು ಕೇಳಿದರೆ ಪರಿಚಯದವನು ಅನ್ನಬೇಡಿ.

ಇಂತಿ,
ಮಗಳ ಅಮ್ಮ

ತಾ.ಕ.: ಫೋನ್ ಇಡುವಾಗ ಅವಳು ಇನ್ನೊಂದು ಮಾತು ಹೇಳಿದಳು. ಮೂರು ತಿಂಗಳಿಂದ ನಿಮ್ಮ ಸ್ಕೂಟರಿನ ಹಿಂದೆ ಕೂತು, ‘ಅಪ್ಪಾ ಬಲಗಡೆ ಬಸ್ಸು ನೋಡಿ, ಅಪ್ಪಾ ಮುಂದೆ ಆ ಅಜ್ಜ ನೋಡಿ, ಅಪ್ಪಾ ಕೆಂಪು ದೀಪ’ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದಿದ್ದಾಳೆ. ನೀವು ಅದನ್ನು ಹರಟೆ ಎಂದುಕೊಂಡಿದ್ದಿರಿ. ಸ್ಕೂಟರಿನ ಬೀಗದ ಕೈಯನ್ನು ಈಗಲೇ ಟೈಲರಮ್ಮನ ಕೈಗೆ ಕೊಡಿ.