ಕಿವಿಯ ಹಿಂದಿನ ಸೂಜಿ

ಮಾನ್ಯ ಹಂದಿ ಸಾಕಣೆ ಸಲಹಾಧಿಕಾರಿಗಳೇ,

"ಚುಚ್ಚಿದ್ದು ಹಂದಿಗೆ ಗೊತ್ತೇ ಆಗಲ್ಲ ಕಣಮ್ಮ" ಎಂದು ನಮ್ಮ ಅಡುಗೆಮನೆಯಲ್ಲಿ ಕುಳಿತು, ನಾನು ಮಾಡಿದ ಕೇಕು ತಿನ್ನುತ್ತ ನೀವು ಹೇಳಿದ ಮಾತು ಸುಳ್ಳು. ಹಂದಿಗಳಿಗೆ ಗೊತ್ತಾಗುತ್ತದೆ. ಗೊತ್ತಾಗದಿರುವುದು ನಿಮ್ಮ ಇಲಾಖೆಗೆ ಮಾತ್ರ.

ನಿಮ್ಮ ಜಾಣ್ಮೆಯನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ಹಂದಿಯ ಮೈಯಲ್ಲಿ ತಾನಾಗಿ ಹುಟ್ಟುವ ಬೆಳವಣಿಗೆಯ ಹಾರ್ಮೋನನ್ನು ಪ್ರಯೋಗಾಲಯದ ಬ್ಯಾಕ್ಟೀರಿಯಾಗಳಿಂದ ಮಾಡಿಸಿ, ಮತ್ತೆ ಹಂದಿಗೇ ಕೊಡುತ್ತೀರಿ. ಮಾಂಸ ಹೆಚ್ಚು, ಕೊಬ್ಬು ಕಡಿಮೆ, ಮೇವೂ ಉಳಿತಾಯ. ಕೊಬ್ಬಿಲ್ಲದೆ ನಮ್ಮ ಸಾಸೇಜು ಕಟ್ಟಿಗೆಯಂತಾಯಿತು ಎಂದರೆ ಅದು ನಮ್ಮ ಹಳೇ ನಾಲಿಗೆಯ ದೋಷ, ಒಪ್ಪಿದೆ. ತೊಡಕು ಒಂದೇ. ಕಸಾಯಿಖಾನೆಗೆ ಹೋಗುವ ಮುಂಚಿನ ವಾರಗಳಲ್ಲಿ ಅದನ್ನು ದಿನಾ ಚುಚ್ಚಬೇಕು, ಅದೂ ಕಿವಿಯ ಹಿಂದೆ. ನನ್ನ ಗಂಡ ಅರ್ನೋ ಸಿಳ್ಳೆ ಹಾಕಿದರೆ ಹಂದಿಗಳು ಓಡೋಡಿ ಬರುತ್ತಿದ್ದದ್ದು ಅದೇ ಜಾಗವನ್ನು ಕೆರೆಸಿಕೊಳ್ಳಲು. ಮಾಂಸದ ಕಂಪನಿ ನಿಮ್ಮ ಸಲಹೆಯನ್ನು ಕರಾರಿಗೆ ಸೇರಿಸಿ, ಚುಚ್ಚದ ಹಂದಿಯನ್ನು ಕೊಳ್ಳುವುದಿಲ್ಲ ಎಂದಿತು. ಅರ್ನೋ ಚುಚ್ಚಿದ.

ನಮ್ಮ ಆಸ್ಟ್ರೇಲಿಯಾದ ನಡುಬೇಸಿಗೆಯಾದ ಜನವರಿಯಲ್ಲಿ, ಉರಿಬಿಸಿಲಿನ ಒಂದು ಮಧ್ಯಾಹ್ನ ಕರೆಂಟು ಹೋಗಿ ಹಂದಿಮನೆಯ ಫ್ಯಾನುಗಳು ನಿಂತವು. ಹಂದಿ ಬೆವರುವುದಿಲ್ಲ ಎಂಬುದನ್ನು ನೀವು ಪುಸ್ತಕದಲ್ಲಾದರೂ ಓದಿರಬೇಕು. ಅರ್ನೋ ಬಾಗಿಲು ತೆರೆದು ಸಿಳ್ಳೆ ಹಾಕಿದ. "ಬನ್ರೋ, ಮರದ ಕೆಳಗೆ ನೀರೈತೆ, ಬನ್ರೋ." ಇನ್ನೂ ಸೂಜಿ ಕಾಣದ ಮರಿಗಳು ಕುಣಿಯುತ್ತ ಹೊರಬಂದವು. ಚುಚ್ಚಿಸಿಕೊಂಡವು ಅವನಿಂದ ದೂರ, ಹಿಂದಿನ ಮೂಲೆಗೆ ಓಡಿ ಒಂದರ ಮೇಲೊಂದು ಬಿದ್ದವು. ಒಳಗೆ ಹೋಗಿ ಎಬ್ಬಿಸಹೋದಷ್ಟೂ ಇನ್ನಷ್ಟು ಒತ್ತಿಕೊಂಡವು. ಸಂಜೆಗೆ ಆ ಮೂಲೆಯಲ್ಲಿ ಉಸಿರಾಡುತ್ತಿದ್ದವನು ಅರ್ನೋ ಒಬ್ಬನೇ.

"ಅವುಗಳದ್ದೇನೇ ತಪ್ಪು," ಎಂದ ಅವನು. "ನಾನೇ ಹಂದಿಯಾಗಿದ್ರೆ ನನ್ನ ಹತ್ರ ಬರ್ತಿದ್ನಾ, ನೀನೇ ಹೇಳು."

ಉತ್ತರ ಹೇಳಿದ್ದು ನಿಮ್ಮ ಕಚೇರಿ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು ನೋಡಿ, ಸಾವಿಗೆ ಕಾರಣ ವಿದ್ಯುತ್ ವ್ಯತ್ಯಯ ಎಂದು ಘೋಷಿಸಿತು. ಹಾಗಾದರೆ ಮರಿಗಳು ಬದುಕಿದ್ದು ಯಾವ ವಿದ್ಯುತ್ತಿನಿಂದ?

ಈಗ ಆ ಮರಿಗಳಿಗೂ ಸೂಜಿಯ ಸರದಿ ಬಂದಿದೆ. ಚುಚ್ಚದ ಹಂದಿಯನ್ನೂ ಕಂಪನಿ ಕೊಳ್ಳಲೇಬೇಕು ಎಂದು ಆದೇಶ ಹೊರಡಿಸಿ. ಅದು ನಿಮ್ಮಿಂದಾಗದಿದ್ದರೆ ದಯಮಾಡಿಸಿ, ನೀವೇ ಕೈಯಾರೆ ದಿನಾ ಚುಚ್ಚಿ, ಆಮೇಲೆ ಬಾಗಿಲಲ್ಲಿ ನಿಂತು ಕರೆಯಿರಿ. ಒಂದೇ ಒಂದು ಹಂದಿ ಬಂದರೂ ನಾನು ಈ ಬಹಿರಂಗ ಪತ್ರ ಅಚ್ಚಾದ ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳುತ್ತೇನೆ. ಸಿಳ್ಳೆ ಹಾಕುವುದನ್ನು ಮಾತ್ರ ಬೇರೆಲ್ಲಾದರೂ ಕಲಿತು ಬನ್ನಿ. ಅರ್ನೋ ಈಗ ಸಿಳ್ಳೆ ಹಾಕುವುದಿಲ್ಲ, ಚಹಾಕ್ಕೆ ನನ್ನನ್ನು ಕರೆಯುವುದಕ್ಕೂ.

ಇಂತಿ,
ಆ ಸಿಳ್ಳೆಗೆ ಇನ್ನೂ ಕಿವಿಗೊಟ್ಟು ಕುಳಿತಿರುವ
ಐರ್ಮಾ ಶಿರ್ಮರ್
ಬರೋಸಾ ಕಣಿವೆ, ದಕ್ಷಿಣ ಆಸ್ಟ್ರೇಲಿಯಾ