ನೀನು ನಿಲ್ಲುತ್ತಿದ್ದ ಜಾಗ

ಪುಣೆ, ಮಾರ್ಚ್ ೨೦೦೬

ಪ್ರೀತಿಯ ನಂದನಣ್ಣ,

ನಮ್ಮ ಸ್ಕೇಟಿಂಗ್ ಹಾಕಿ ಲೀಗ್ ಮುಗಿಯಿತು, ನಾವು ಮೂರನೆಯವರಾದೆವು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ನೀನು ಶಿರಸಿಗೆ ಹೋದ ಮೇಲೆ ಗೋಲಿಗೆ ನಿಲ್ಲುವವರೇ ಇರಲಿಲ್ಲ. ನಿನ್ನ ಪ್ಯಾಡು, ನಿನ್ನ ಅಂಗಿ ಹಾಕಿಕೊಂಡು ನಾನೇ ನಿಂತೆ. ಬೆನ್ನ ಮೇಲಿನ ಹೆಸರು ನೋಡಿ ಜನ "ನಂದನ್" ಎಂದೇ ಕೂಗುತ್ತಿದ್ದರು. ನಾನು ತಿದ್ದಲಿಲ್ಲ.

ಮೊನ್ನೆ ಫೋನಿನಲ್ಲಿ ಆಯಿ, "ಅಂವ ಆಟದ ಸುದ್ದಿನೇ ಮಾತಾಡ್ತ್ನಿಲ್ಲೆ" ಎಂದಳು.

ಮುಂದಿನ ವರ್ಷಕ್ಕೂ ಗೋಲಿಗೆ ನನ್ನನ್ನೇ ಕೇಳುತ್ತಿದ್ದಾರೆ. ನಾನಿನ್ನೂ ಒಪ್ಪಿಲ್ಲ. ನಿನಗೆ ಮತ್ತೆ ಆಡಲು ಆಗುತ್ತದೆಂದರೆ ಆ ಜಾಗ ನಿನ್ನದೇ. ನಾನು ಮೊದಲಿನಂತೆ ಮುಂಚೂಣಿಯಲ್ಲಿ ಆಡುತ್ತೇನೆ. ಆಗುವುದಿಲ್ಲವೆಂದರೂ ಒಮ್ಮೆ ಬಾ. ಎಡಗಡೆಗೆ ಬರುವ ಚೆಂಡನ್ನು ತಡೆಯುವುದು ನನಗಿನ್ನೂ ಬಂದಿಲ್ಲ, ನಿಂತು ಕಲಿಸು.

ನಿನ್ನ ತಮ್ಮ,
ಪ್ರಥಮ