ಕುದುರೆಗಳನ್ನು ಕರೆದ ಸೀಟಿ

ದೊಡ್ಡಾಸ್ಪತ್ರೆ, ಎರಡನೇ ಮಹಡಿ
ಮಾರ್ಚ್ ೧೯

ಪ್ರೀತಿಯ ಪುಟ್ಟಿ,

ಮೊದಲು ಒಂದು ಮಾತು, ಕೇಳಿ ಉಸಿರು ಬಿಡು: ಅಣ್ಣ ಬದುಕಿದ್ದಾನೆ. ಬೆನ್ನು, ಎರಡೂ ಕೈ ಸುಟ್ಟಿವೆ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ನಿನ್ನೆಯಷ್ಟೇ ಹೇಳಿದರು. ಅದಕ್ಕೆ ಮೊದಲು ನಿನಗೆ ಬರೆಯಲು ನನಗೆ ಧೈರ್ಯ ಬರಲಿಲ್ಲ. ತಡವಾಯಿತೆಂದು ಬೈಯಬೇಡ. ಬೈದರೂ ಬೈಯಿ, ಚಿಕ್ಕಂದಿನಿಂದ ನಿನ್ನ ಬಾಯಿ ತಡೆದವರು ಯಾರಿದ್ದಾರೆ? ಗುಡ್ಡದ ಮೇಲಿನ ಫೋನ್ ಟವರು ಬಾಗಿ ನೆಲಕ್ಕೆ ಬಿದ್ದಿದೆ. ಇಲ್ಲಿಂದ ಮಾತಾಡೋಣವೆಂದರೆ ಬೆನ್ನ ಹಿಂದೆ ಜನ ಸಾಲು ನಿಂತಿರುತ್ತಾರೆ. ಅಷ್ಟು ಜನರೆದುರು ಅಳುವವಳಲ್ಲ ನಾನು.

ಪಾಪುವಿಗೆ ಹಲ್ಲು ಬರುತ್ತಿದೆ, ಮನೆಯೆಲ್ಲ ರಂಪ ಎಂದು ಬರೆದಿದ್ದೆಯಲ್ಲ, ಓದಿ ನಕ್ಕೆ. ನಿನಗೆ ಹಲ್ಲು ಬಂದಾಗ ಅಣ್ಣನ ಕಿವಿ ಕಚ್ಚಿದ್ದೆ, ನೆನಪಿರಲಿ.

ಬೆಂಕಿ ಎಲ್ಲಿ ಹುಟ್ಟಿತೋ ಯಾರಿಗೂ ಗೊತ್ತಿಲ್ಲ. ರಜಾದಿನ, ಸರೋವರದ ತುಂಬ ದೋಣಿ, ಡೇರೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಎಂದಿನಂತೆ ಟಿಕೆಟ್ ಕೋಣೆಯಲ್ಲಿ ಕೂತು, ಹೊತ್ತು ಮೀರಿದ ದೋಣಿಗಳನ್ನು ಸೀಟಿ ಊದಿ ಕರೆಯುತ್ತಿದ್ದೆ. ಗುಡ್ಡದ ಹಿಂದೆ ಹೊಗೆ ಎದ್ದಾಗ ಜನ ಫೋಟೊ ತೆಗೆದರು. ಗಾಳಿ ತಿರುಗಿದ್ದೇ ತಡ, ಅದೇ ಜನ ಒಬ್ಬರನ್ನೊಬ್ಬರು ತುಳಿದುಕೊಂಡು ಓಡಿದರು. ಒಬ್ಬ ತನ್ನ ಕಾರಿಗೆ ದಾರಿ ಮಾಡಲು ಮುಂದಿನ ಕಾರನ್ನು ಗುದ್ದಿ ನೀರಿಗೆ ತಳ್ಳಿದ. ಆ ಕಾರಿನವನು ಇವನ ಕೊರಳಪಟ್ಟಿ ಹಿಡಿದು ಮೂಗು ಒಡೆದ. ತಲೆಯ ಮೇಲೆ ಕೆಂಡ ಉದುರುತ್ತಿತ್ತು, ಇವರದು ಇನ್ನೂ ಮುಗಿದಿರಲಿಲ್ಲ. ದೋಣಿಯ ಹುಟ್ಟು ತೆಗೆದುಕೊಂಡು ಇಬ್ಬರಿಗೂ ಬಾರಿಸಿದೆ. ಅಷ್ಟು ಹೊತ್ತಿಗೆ ಪೇಟೆಯ ರಸ್ತೆ ಕಟ್ಟಿಹೋಗಿತ್ತು. ನಮ್ಮ ದಂಡೆಯ ಮನೆಗಳವರೂ ಸೇರಿ ಎಲ್ಲರೂ ಅಲ್ಲೇ ಸಿಕ್ಕಿಬಿದ್ದೆವು.

ನಿನ್ನ ಭಾವ ಬೆಂಕಿ ಆರಿಸುವ ತಮ್ಮ ತಂಡದೊಂದಿಗೆ ಬಂದು, ಎದುರು ಬೆಂಕಿ ಹಾಕುವುದೊಂದೇ ದಾರಿ ಎಂದರು. ದೊಡ್ಡ ಬೆಂಕಿ ಬರುವ ಮೊದಲು ಅದರ ದಾರಿಯ ಹುಲ್ಲು ಪೊದೆಗಳನ್ನು ನಾವೇ ಸುಟ್ಟುಬಿಟ್ಟರೆ, ಬಂದದ್ದಕ್ಕೆ ತಿನ್ನಲು ಏನೂ ಸಿಗುವುದಿಲ್ಲ. ಸುಡಬೇಕಾದದ್ದು ಕುದುರೆದಾರಿಯ ಮೇಲ್ಬದಿಯನ್ನು. ಆ ಬದಿಯಲ್ಲಿದ್ದದ್ದು ಅಣ್ಣನ ಲಾಯ ಒಂದೇ. ಪ್ರವಾಸಿಗರನ್ನು ಕೂರಿಸಿಕೊಂಡು ಸರೋವರ ಸುತ್ತುವ ಅವನ ಏಳೂ ಕುದುರೆ ಅಲ್ಲಿದ್ದವು. ಅವನೂ ಅಲ್ಲೇ ಇದ್ದ.

ಅವನನ್ನು ಕರೆತರಲು ಭಾವ ತಂಡದ ಇಬ್ಬರನ್ನು ಕಳಿಸಿದರು. ಒಬ್ಬ ಹಣೆ ಸೀಳಿಸಿಕೊಂಡು ಬಂದ. "ಸಲಿಕೆ ಎತ್ತಿ ಹೊಡೆದ್ರು ಸಾರ್. ಹತ್ತಿರ ಬಂದ್ರೆ ತಲೆ ಒಡೀತೀನಿ, ಕುದುರೆ ಬಿಟ್ಟು ಬರಲ್ಲ ಅಂದ್ರು" ಎಂದ.

ಎದುರು ಬೆಂಕಿ ಹಾಕುವ ಮೊದಲು ಮೂರು ಸಲ ಚಿಕ್ಕದಾಗಿ ಸೀಟಿ ಊದುವುದು ತಂಡದ ಕಟ್ಟಳೆ. ಒಳಗೆ ಯಾರಾದರೂ ಇದ್ದರೆ ತಿರುಗಿ ಊದಬೇಕು, ಊದಿದರೆ ಬೆಂಕಿ ಹಾಕುವಂತಿಲ್ಲ. ಭಾವ ಊದಿದರು. ಹೊಗೆಯೊಳಗಿಂದ ಅಣ್ಣನ ಸೀಟಿ ಉತ್ತರವಾಗಿ ಬಂತು.

ಭಾವ ಉರಿಯುವ ಪಂಜು ಹಿಡಿದುಕೊಂಡು ಮರದಂತೆ ನಿಂತುಬಿಟ್ಟರು. ಜನ ಅವರನ್ನು ಮುತ್ತಿಕೊಂಡರು. "ಹೆಂಡ್ತಿ ಅಣ್ಣ ಅಂತ ನಮ್ಮ ಮಕ್ಕಳನ್ನ ಸುಡ್ತೀರೇನ್ರಿ?" ಎಂದು ಒಬ್ಬಳು ಅವರ ಎದೆಗೆ ಗುದ್ದಿದಳು. ಯಾರೋ ಕಲ್ಲು ಬೀಸಿದರು, ಕಿವಿಯ ಹಿಂದಿನಿಂದ ರಕ್ತ ಇಳಿಯಿತು. ಪಂಜು ಕಸಿದುಕೊಳ್ಳಲು ನಾಲ್ಕು ಕೈ ಬಂದವು. ಇನ್ನು ತಡವಾದರೆ ಆ ಜನರೇ ಹಚ್ಚುತ್ತಾರೆ ಎಂದು ನನಗೆ ಗೊತ್ತಾಯಿತು.

ಆಗ ನಾನು ನನ್ನ ಸೀಟಿ ತೆಗೆದು ಉದ್ದವಾಗಿ ಊದಿದೆ. ಅಪ್ಪ ಕುದುರೆಗಳಿಗೆ ಉಪ್ಪು ತಿನ್ನಿಸಲು ಊದುತ್ತಿದ್ದ ಹಾಗೆ, ಉಸಿರು ಮುಗಿಯುವವರೆಗೆ. ಅದು ಕೇಳಿದರೆ ನಮ್ಮ ಕುದುರೆಗಳು ಎಲ್ಲಿದ್ದರೂ ಓಡಿ ಬರುತ್ತವೆ. ಕುದುರೆ ಬಂದರೆ ಅಣ್ಣ ಬರುತ್ತಾನೆ. ನನ್ನ ಲೆಕ್ಕ ಅಷ್ಟೇ ಇತ್ತು.

ಬಂದವು ಪುಟ್ಟಿ. ದೊಡ್ಡ ಬೆಂಕಿಯ ಒಂದು ನಾಲಿಗೆ ಆಗಲೇ ದಾರಿಗೆ ಅಡ್ಡ ಇಳಿದಿತ್ತು, ನನಗೆ ಕಾಣಲಿಲ್ಲ. ಅದರೊಳಗಿಂದಲೇ ಬಂದವು. ನಮ್ಮ ಹಳೇ ಹೆಣ್ಣುಕುದುರೆ ಮುದುಕಿ ಎಲ್ಲಕ್ಕಿಂತ ಮುಂದೆ, ಅವಳ ಜೂಲು ಹೊತ್ತಿ ಉರಿಯುತ್ತಿತ್ತು. ಬೇಲಿ ಹಾರಲು ಹೋಗಿ ಮುಂಗಾಲು ಮುರಿದುಕೊಂಡಳು. ಇನ್ನೊಂದು ತಂಡದ ನೀರಿನ ಪಂಪಿನವನನ್ನು ಎದೆಯ ಮೇಲೆ ತುಳಿದುಕೊಂಡೇ ಓಡಿತು, ಅವನ ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು. ಉಳಿದವು ಉರಿಯಲ್ಲೇ ಬಿದ್ದವು. ಕುದುರೆ ಹಾಗೆ ಕಿರುಚುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವುಗಳ ಹಿಂದೆ ಅಣ್ಣ, ಅಂಗಿಯೆಲ್ಲ ಬೆಂಕಿ. ಬಿದ್ದ ಕುದುರೆಯ ಲಗಾಮು ಎಳೆಯುತ್ತಿದ್ದ. ಭಾವ ಹೋಗಿ ಅವನನ್ನು ಕೆಡವಿದರು. ಅವನು ಅವರ ಮಣಿಕಟ್ಟು ಕಚ್ಚಿದ, ಅವರು ಅವನ ಮುಖಕ್ಕೆ ಗುದ್ದಿ ಕಾಲು ಹಿಡಿದು ಎಳೆತಂದರು. ಆಮೇಲೆ ಪಂಜನ್ನು ಮೇಲ್ಬದಿಯ ಹುಲ್ಲಿಗೆ ಎಸೆದರು.

ದಂಡೆ ಉಳಿಯಿತು. ನಮ್ಮ ಮನೆ, ದೋಣಿ, ಜನ ಎಲ್ಲ ಉಳಿದವು. ಮೈ ಸುಟ್ಟು ನರಳುತ್ತ ಇನ್ನೂ ಜೀವವಿದ್ದ ಎರಡು ಕುದುರೆಗಳಿಗೂ ಅರಣ್ಯ ಕಾವಲುಗಾರ ಗುಂಡು ಹಾಕಿದ. ಭಾವನಿಗೆ ಕಲ್ಲು ಹೊಡೆದವರೇ ಈಗ ಹೂವಿನ ಹಾರ ತಂದಿದ್ದರು. ಬಾಗಿಲಿನಿಂದಲೇ ಓಡಿಸಿದೆ.

ಆಂಬುಲೆನ್ಸಿನಲ್ಲಿ ಅಣ್ಣ ಹೇಳಿದ: "ಲಾಯದ ಹಿಂದಿನ ಕಲ್ಲುಹಳ್ಳಕ್ಕೆ ಇಳಿಸಿದ್ದೆ ಕಣೇ. ಏಳನ್ನೂ. ಕಣ್ಣಿಗೆ ಒದ್ದೆ ಗೋಣಿ ಕಟ್ಟಿ ಒಂದೊಂದಾಗಿ ಇಳಿಸಿದ್ದೆ. ಗೋಣಿ ಕೊಡವಿ ಓಡಿದ್ವು. ಯಾಕೆ ಕರೆದೆ?" ಆಮೇಲೆ ಮುಖ ತಿರುಗಿಸಿದವನು ನನ್ನ ಜೊತೆ ಮಾತೇ ಬಿಟ್ಟ. ನಾನು ನೀರು ಕುಡಿಸಿದರೆ ಕುಡಿಯುತ್ತಿರಲಿಲ್ಲ, ನರ್ಸು ಬರಬೇಕಿತ್ತು.

ನಿನ್ನ ಮನೆಯವರಿಗೆ ನನ್ನ ನಮಸ್ಕಾರ ಹೇಳು. ಪಾಪುವಿನ ಒಸಡಿಗೆ ಬೆರಳಿಡಬೇಡ, ಕಚ್ಚೀತು. ನಿಮ್ಮ ಮೂವರಿಗೂ ತಂಪು ಗಾಳಿ, ತುಂಬು ಆಯಸ್ಸು ಸಿಗಲಿ ಎಂದು ಹರಸುವ,

ನಿನ್ನ ಅಕ್ಕ

ಮತ್ತೊಂದು ಮಾತು: ಇದನ್ನು ಮರೆತಿದ್ದೆ ಎನ್ನಲಾರೆ, ಬರೆಯಲು ಕೈ ಏಳಲಿಲ್ಲ. ನಿನ್ನ ಭಾವ ನಿನ್ನೆ ಮೇಲೆ ಹೋಗಿ ಹಳ್ಳ ನೋಡಿ ಬಂದರು. ಬೆಂಕಿ ಅದರ ಎರಡೂ ಬದಿಯಲ್ಲಿ ಹಾದುಹೋಗಿದೆ, ಒಳಗೆ ಇಳಿದಿಲ್ಲ. ತಳದಲ್ಲಿ ಹುಲ್ಲು ಹಸಿರಾಗಿದೆಯಂತೆ. ಇವತ್ತು ಬೆಳಿಗ್ಗೆ ಅಣ್ಣ ತಾನಾಗಿಯೇ ಮಾತಾಡಿಸಿದ. "ಹಳ್ಳ ಏನಾಯ್ತೇ?" ಎಂದ. "ಕಲ್ಲು ಕೂಡ ಸಿಡಿದುಹೋಗಿವೆ ಅಣ್ಣ, ಏನೂ ಉಳಿದಿಲ್ಲ" ಎಂದೆ. ಆಮೇಲೆ ಬ್ಯಾಂಡೇಜಿನ ಕೈಯನ್ನು ಕಷ್ಟಪಟ್ಟು ಎತ್ತಿ ನನ್ನ ತಲೆಯ ಮೇಲಿಟ್ಟು, "ಹಾಗಾದ್ರೆ ನೀನೇ ನನ್ನ ಉಳಿಸಿದ್ದು" ಎಂದ. ನೀನು ಬಂದಾಗ ನಿನ್ನನ್ನೂ ಕೇಳುತ್ತಾನೆ. ಸುಟ್ಟುಹೋಗಿದೆ ಅನ್ನು.